ರಾತ್ರಿ ಒಂಬತ್ತಕ್ಕೆ ಮುಚ್ಚುವ ಹೆದ್ದಾರಿ

ಮೈಸೂರಿನಿಂದ ಊಟಿಗೆ ಹೊರಟವರಿಗೆ ಗುಂಡ್ಲುಪೇಟೆ ದಾಟಿದ ಬಳಿಕ ಬಂಡೀಪುರದ ಕಾಡು ಎದುರಾಗುತ್ತದೆ. ಗೆಳತಿ ಕಾರು ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ ಕುಳಿತು ಜಿಂಕೆಗಳನ್ನು ಎಣಿಸುತ್ತಿದ್ದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಅದಕ್ಕೆ ಸೇರಿದ ಮೊದಲ ಕಾಡುಗಳಲ್ಲಿ ಇದೂ ಒಂದು. ಗಡಿಯಾಚೆ ತಮಿಳುನಾಡಿನ ಮುದುಮಲೈ. ಗಡಿಯೇನಿದ್ದರೂ ನಮಗೆ, ಆನೆಗಳಿಗೆ ಎರಡೂ ಒಂದೇ ಮನೆ.

ತಿರುವೊಂದರಲ್ಲಿ ಮರಿಯೊಂದಿಗೆ ಆನೆಗಳ ಹಿಂಡು ರಸ್ತೆ ದಾಟುತ್ತಿತ್ತು. ಗೆಳತಿ ದೂರದಲ್ಲೇ ಕಾರು ನಿಲ್ಲಿಸಿದಳು. ಹಿಂದಿನ ವಾಹನದವರು ಫೋಟೊ ತೆಗೆಯಲು ಕೆಳಗಿಳಿದರು. ತಾಯಿ ಆನೆ ಕಿವಿಯರಳಿಸಿ ತಿರುಗಿ ನಿಂತಾಗ ಎದ್ದುಬಿದ್ದು ಒಳಸೇರಿದರು.

"ನಮ್ಮ ದಾರಿಗೆ ಅದು ಬಂದದ್ದಲ್ಲ, ಅದರ ಅಂಗಳಕ್ಕೆ ನಾವು ಬಂದದ್ದು" ಎಂದಳು ಗೆಳತಿ.

ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲೆಂದೇ, ಬಂಡೀಪುರದ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ವಿನಾಯಿತಿ. ಇದರಿಂದ ತೊಂದರೆಯಾಗುತ್ತಿದೆ ಎಂದು ವಯನಾಡಿನ ಜನರು 2019ರಲ್ಲಿ ಬೀದಿಗಿಳಿದಿದ್ದರು. ಅವರ ಕಷ್ಟವೂ ಸುಳ್ಳಲ್ಲ. ಆದರೆ ಹೆಡ್‌ಲೈಟಿನ ಬೆಳಕಿಗೆ ಕಣ್ಣು ಕುಕ್ಕಿ ನಿಂತುಬಿಡುವ ಜಿಂಕೆಗೆ ತನ್ನ ಅಹವಾಲು ಹೇಳಿಕೊಳ್ಳಲು ನಾಲಗೆಯಿಲ್ಲ.

ಈ ದಾರಿಯಲ್ಲಿ ಹೋಗುವವರು ಹಗಲಿರುವಾಗಲೇ ಕಾಡು ದಾಟಿ. ಮಕ್ಕಳ ಕೈಯ ಬಿಸ್ಕತ್ತು ಮಂಗಗಳ ಪಾಲಾಗದಿರಲಿ, ಪ್ಲಾಸ್ಟಿಕ್ ಚೀಲ ನಿಮ್ಮೊಂದಿಗೇ ಮನೆಗೆ ಮರಳಲಿ.