ತಂಬೂರಿಯ ನಾದವೂ ಇಬ್ಭಾಗದ ಸ್ಪೀಕರೂ

ರಾಯಬಾಗ ತಾಲೂಕಿನ ದಿಗ್ಗೇವಾಡಿಗೆ ಮಿರಜವು ದೂರದ ಊರಲ್ಲ. ಅಲ್ಲಿಯ ಕುಶಲಿಗಳು ಮಾಡುವ ತಂಬೂರಿಗೆ 2024ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆಯಿತು. ಮನೆಯ ಸ್ಪೀಕರಿನ ಗುಣವನ್ನು ಪರೀಕ್ಷಿಸಲೆಳಸುವವರಿಗೆ ಈ ವಾದ್ಯಕ್ಕಿಂತ ಕಠಿನವಾದ ಒರೆಗಲ್ಲು ಬೇಕಿಲ್ಲ. ತಂತಿಯೊಂದು ಸೆಕೆಂಡಿಗೆ 130 ಸಲ ಕಂಪಿಸಿದರೆ ಅದರ ಇಮ್ಮಡಿ, ಮುಮ್ಮಡಿ, ನಾಲ್ಮಡಿಯ ಉಪಸ್ವರಗಳೂ ಒಡನೆ ಹುಟ್ಟುತ್ತವೆ. ಬಾಗಿದ ಕುದುರೆಯು ಇವುಗಳನ್ನು ಹೇಗೆ ಪೋಷಿಸುತ್ತದೆಂಬುದನ್ನು ಸಿ. ವಿ. ರಾಮನ್ನರು 1921ರಲ್ಲಿಯೇ ವಿವೇಚಿಸಿದ್ದರು.

ಸಾಮಾನ್ಯ ಸ್ಪೀಕರುಪೆಟ್ಟಿಗೆಯಲ್ಲಿ ಎರಡು ಬಾಯಿಗಳುಂಟು. ಕೆಳಗಣ ಸ್ವರಗಳಿಗೆ ವೂಫರು, ಮೇಲಣವಕ್ಕೆ ಟ್ವೀಟರು. ಇವೆರಡಕ್ಕೂ ವಿದ್ಯುತ್ತನ್ನು ಹಂಚಿಕೊಡುವ ಸುರುಳಿ, ಕೆಪಾಸಿಟರುಗಳ ಜೋಡಣೆಯೇ ಕ್ರಾಸೋವರು. ಹಂಚಿಕೆಯ ಎಲ್ಲೆ 2,500 ಕಂಪನವೆಂದಿಟ್ಟುಕೊಂಡರೆ, ಮೇಲೆ ಹೇಳಿದ ತಂತಿಯ 19 ಮಡಿಯ ಉಪಸ್ವರವು ಎಲ್ಲೆಯ ಈಚೆಗೂ 20 ಮಡಿಯದು ಆಚೆಗೂ ಬೀಳುತ್ತವೆ. ಒಂದೇ ತಂತಿಯ ನಾದವು ಎರಡು ಬಾಯಿಗಳಿಂದ ಹೊರಟು ಕಿವಿಗೆ ಒಂದಾಗಿ ತೋರಬೇಕು. ಈ ಬೆಸುಗೆ ಕೆಟ್ಟರೆ ಜವಾರಿಯೇ ಕೆಟ್ಟಿತು.

8 ಓಮಿನ ವೂಫರಿಗೆ ಈ ಎಲ್ಲೆಯನ್ನು ಹಾಕಲು ಅತಿ ಸರಳವಾದ ಸೂತ್ರವು ಸುಮಾರು 0.51 ಮಿಲಿಹೆನ್ರಿಯ ಸುರುಳಿಯನ್ನು ವಿಧಿಸುತ್ತದೆ. ಆದರೆ 8 ಎಂಬುದು ಹೆಸರಿನ ಮಾತು. ಸ್ಪೀಕರಿನ ವಿದ್ಯುತ್ ತಡೆಯು ಕಂಪನದೊಡನೆ ಏರಿಳಿಯುತ್ತದೆ. ಎಲ್ಲೆಯ ಬಳಿ ಅದು 16 ಓಮಿಗೇರಿದ್ದರೆ ಅದೇ ಸುರುಳಿಯ ಎಲ್ಲೆಯು 5,000ದ ಹತ್ತಿರ ಹೋಗಿ ನಿಲ್ಲುವುದು. ಆದುದರಿಂದ ಅಳೆಯದೆ ಕ್ರಾಸೋವರನ್ನು ಬದಲಿಸುವುದು ಕುರುಡಾಟವೇ ಸರಿ. ಅದೇ ಅಳತೆಯ ದುಬಾರಿ ಕೆಪಾಸಿಟರನ್ನು ಕೂರಿಸಿ ಹಿಗ್ಗುವವರ ಸಂತೋಷಕ್ಕೆ ನಾವು ಅಡ್ಡ ಬರುವುದಿಲ್ಲ. ಹೆಚ್ಚಿನ ಫಲವನ್ನೂ ನಿರೀಕ್ಷಿಸುವುದಿಲ್ಲ.

ಒಂದೊಂದು ಬಾಯಿಗೆ ಒಂದೊಂದು ಆಂಪ್ಲಿಫಯರನ್ನು ಕೊಡುವ ಪದ್ಧತಿಯಲ್ಲಿಯೂ ಎರಡು ಬಗೆಗಳುಂಟು. ಪೆಟ್ಟಿಗೆಯೊಳಗಿನ ಕ್ರಾಸೋವರನ್ನು ಹಾಗೆಯೇ ಇಟ್ಟುಕೊಂಡರೆ ಎರಡು ಆಂಪ್ಲಿಫಯರುಗಳೂ ಇಡಿಯ ಸಂಗೀತವನ್ನೇ ಹೊರಬೇಕಾಗುವುದರಿಂದ ಲಾಭವು ಅಲ್ಪ. ಹಂಚಿಕೆಯನ್ನು ಆಂಪ್ಲಿಫಯರಿಗಿಂತ ಮೊದಲೇ ಮಾಡಿದರೆ ಮಾತು ಬೇರೆ: ಸ್ಪೀಕರಿನ ತಡೆ ಏರಿದರೂ ಎಲ್ಲೆ ಕದಲದು, ಸುರುಳಿಯ ಅಡ್ಡಿಯಿಲ್ಲದೆ ಆಂಪ್ಲಿಫಯರು ವೂಫರನ್ನು ನೇರವಾಗಿ ಹಿಡಿದಿರುವುದು. 1976ರಲ್ಲಿ ಲಿಂಕ್‌ವಿಟ್ಸ್ ಎಂಬವರು ಪ್ರಕಟಿಸಿದ ಕ್ರಮವು ಇದಕ್ಕೆ ಬಹಳ ಒದಗಿಬಂದಿದೆ. ಆದರೆ ಹಳೆಯ ಕ್ರಾಸೋವರು ಟ್ವೀಟರಿನ ಗಟ್ಟಿತನವನ್ನೂ ತಗ್ಗಿಸುತ್ತಿದ್ದಿರಬಹುದು. ಅಂತಹ ತಿದ್ದುಪಡಿಗಳನ್ನು ಹೊಸದರಲ್ಲಿಯೂ ಮಾಡಿಕೊಳ್ಳಬೇಕು.

ಎರಡು ಎಚ್ಚರಿಕೆಗಳು ಅವಶ್ಯ. ಪೆಟ್ಟಿಗೆಯ ಹಿಂದೆ ಎರಡು ಜೊತೆ ತಿರುಪುಗಳನ್ನು ಕೂಡಿಸುವ ಲೋಹದ ಪಟ್ಟಿಗಳನ್ನು ಮೊದಲು ತೆಗೆಯತಕ್ಕದ್ದು. ಇಲ್ಲವಾದರೆ ಎರಡು ಆಂಪ್ಲಿಫಯರುಗಳು ಒಂದಕ್ಕೊಂದು ತಗಲಿ ಸುಟ್ಟಾವು. ಟ್ವೀಟರಿನ ತಂತಿಯಲ್ಲಿ ಸುಮಾರು 33 ಮೈಕ್ರೋಫ್ಯಾರಡಿನ ಕೆಪಾಸಿಟರೊಂದನ್ನು ಕಾವಲಿಗಿರಿಸುವುದೂ ಲೇಸು. 8 ಓಮಿನೊಡನೆ ಅದರ ಎಲ್ಲೆ 600ರ ಸುಮಾರಿಗೆ ಬರುವುದರಿಂದ ಸಂಗೀತಕ್ಕೆ ಬಾಧೆ ಕಡಿಮೆ. ಯಂತ್ರವನ್ನು ಹಚ್ಚುವಾಗಿನ ಹೊಡೆತವು ಮಾತ್ರ ಬಹುಮಟ್ಟಿಗೆ ತಡೆಯಲ್ಪಡುವುದು.

ಬೆಸುಗೆಯನ್ನು ನೋಡಲು ಲಿಂಕ್‌ವಿಟ್ಸ್ ಕ್ರಮದಲ್ಲಿ ಸುಲಭವಾದ ಉಪಾಯವುಂಟು. ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ, ಕುಳಿತು ಕೇಳುವ ಸ್ಥಳದಲ್ಲಿ ಮೈಕ್ರೋಫೋನನ್ನಿರಿಸಿ ಅಳೆಯಬೇಕು. ಎಲ್ಲೆಯಲ್ಲಿ ನಾದವು ಎಷ್ಟು ಆಳವಾಗಿ ಕುಸಿಯುವುದೋ, ತಂತಿಗಳನ್ನು ಮರಳಿ ಸರಿಪಡಿಸಿದಾಗ ಎರಡು ಬಾಯಿಗಳೂ ಅಷ್ಟು ಚೆನ್ನಾಗಿ ಕೂಡಿ ನುಡಿಯುತ್ತವೆ.