ಫಾಕ್ಸ್‌ಪ್ರೊದಿಂದ ಎಸ್‌ಕ್ಯೂಲೈಟ್‌ಗೆ: ಶಾಸನಗಳ ಪಟ್ಟಿ ಸಾಗಿಸುವಾಗ ಕಲಿತದ್ದು

ನಮ್ಮ ತಾಲ್ಲೂಕಿನ ಶಾಸನಗಳ ಪಟ್ಟಿಯೊಂದನ್ನು ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಫಾಕ್ಸ್‌ಪ್ರೊದಲ್ಲಿ ಮಾಡಿಟ್ಟಿದ್ದೆ. ಊರು, ಕಲ್ಲು ಇರುವ ಜಾಗ, ಅರಸು, ಶಕವರ್ಷ, ಪಾಠ ಎಲ್ಲವೂ ಅದರಲ್ಲಿತ್ತು. ಫಾಕ್ಸ್‌ಪ್ರೊದ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ. 2015ರ ಜನವರಿಗೆ ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲವನ್ನೂ ನಿಲ್ಲಿಸಿತು. ಹಳೇ ಕಂಪ್ಯೂಟರ್ ಕೈಕೊಡುವ ಮೊದಲು ಎಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ಹಾಕಿಬಿಡೋಣ ಅಂತ ಕೂತೆ. ಒಂದು ಸಂಜೆಯ ಕೆಲಸ ಅಂದುಕೊಂಡದ್ದು ಎರಡು ತಿಂಗಳು ಹಿಡಿಯಿತು. ಪಟ್ಟಿಯಲ್ಲಿರುವ ಕೆಲವು ಕಲ್ಲುಗಳು ಇವತ್ತು ಸ್ಥಳದಲ್ಲಿಲ್ಲ. ಹಾಗಾಗಿ ಇಲ್ಲಿ ಕಳೆದುಹೋದ ಪಾಠವನ್ನು ಮತ್ತೆ ಹೋಗಿ ಓದಿಕೊಂಡು ಬರುವಂತಿಲ್ಲ.

ಮೊದಲ ಪೆಟ್ಟು ಪಾಠಕ್ಕೇ ಬಿತ್ತು. ಫಾಕ್ಸ್‌ಪ್ರೊದ ಸಾಮಾನ್ಯ ಅಕ್ಷರ ಕಾಲಂನಲ್ಲಿ 254 ಅಕ್ಷರ ಮಾತ್ರ ಹಿಡಿಸುತ್ತದೆ. ಉದ್ದನೆಯ ಪಾಠ ಇರುವುದು ಮೆಮೊ ಕಾಲಂನಲ್ಲಿ, ಅಂದರೆ ಡಿಬಿಎಫ್ ಫೈಲಿನ ಪಕ್ಕದಲ್ಲಿರುವ ಎಫ್‌ಪಿಟಿ ಎಂಬ ಇನ್ನೊಂದು ಫೈಲಿನಲ್ಲಿ. ನಾನು ಸಿಎಸ್‌ವಿಗೆ ನಕಲು ಮಾಡಿದೆ. ಸಾಲುಗಳ ಲೆಕ್ಕ ಸರಿಯಾಗಿತ್ತು, ಪಾಠದ ಕಾಲಂ ಮಾತ್ರ ಇರಲೇ ಇಲ್ಲ! ಆ ಆಜ್ಞೆ ಮೆಮೊ ಕಾಲಂಗಳನ್ನು ಒಂದು ಎಚ್ಚರಿಕೆಯನ್ನೂ ಕೊಡದೆ ಬಿಟ್ಟುಬಿಡುತ್ತದೆ. ಕೊನೆಗೆ ಎರಡೂ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಪೈಥಾನ್ ಮೂಲಕ ನೇರವಾಗಿ ಓದಿಸಿದೆ.

ಎರಡನೆಯದು ಕಾಲ. ತೇದಿಯಿಲ್ಲದ ಶಾಸನಗಳಿಗೆ ಶಕವರ್ಷದ ಜಾಗ ಖಾಲಿ ಬಿಟ್ಟಿದ್ದೆ. ಫಾಕ್ಸ್‌ಪ್ರೊ ಖಾಲಿ ಸಂಖ್ಯೆಯನ್ನು ಸೊನ್ನೆ ಅಂತಲೇ ಲೆಕ್ಕ ಹಾಕುತ್ತದೆ. ಕ್ರಿಸ್ತಶಕ ಪಡೆಯಲು 78 ಕೂಡಿಸಿದ್ದೇ ತಡ, ತೇದಿಯಿಲ್ಲದ ವೀರಗಲ್ಲುಗಳೆಲ್ಲ ಕ್ರಿ.ಶ. 78ಕ್ಕೆ ಹೋಗಿ ನಿಂತವು. ಹಲ್ಮಿಡಿ ಶಾಸನಕ್ಕಿಂತ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ! ಈಗ ತೇದಿ ಇಲ್ಲದ ಕಡೆ ಸೊನ್ನೆ ಬದಲು ‘ನಲ್’ ಇಟ್ಟಿದ್ದೇನೆ. ಶಕವರ್ಷವನ್ನು ಶಾಸನದಲ್ಲಿರುವಂತೆ ಒಂದು ಕಾಲಂನಲ್ಲಿ, ಕ್ರಿಸ್ತಶಕವನ್ನು ‘ಇಂದ’, ‘ವರೆಗೆ’ ಎಂಬ ಎರಡು ಕಾಲಂಗಳಲ್ಲಿ ಹಾಕಿದೆ. ಐಹೊಳೆಯ ಶಾಸನದ ಶಕ 556 ಕ್ರಿ.ಶ. 634-35 ಆಗುತ್ತದೆ, ಅದನ್ನು ಒಂದೇ ವರ್ಷಕ್ಕೆ ಕಟ್ಟಿಹಾಕುವುದು ಸರಿಯಲ್ಲ.

ಮೂರನೆಯದು ಲಿಪಿ. ಆಗ ಟೈಪ್ ಮಾಡಿದ್ದು ನುಡಿಯ ಹಳೇ ಫಾಂಟಿನಲ್ಲಿ. ತೆರೆಯ ಮೇಲೆ ಕನ್ನಡ ಕಂಡರೂ ಒಳಗೆ ಕೂತಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಯೂನಿಕೋಡ್‌ಗೆ ಪರಿವರ್ತಿಸಿದಾಗ ಅದೇ ಕಾಲಂನಲ್ಲಿದ್ದ ಇಂಗ್ಲಿಷ್ ಪದಗಳೂ ಕನ್ನಡವಾಗಿ ಕಲಸಿಹೋದವು. ಜೊತೆಗೆ, ೞಕಾರ ಬಂದ ಕಡೆ ನಾನು ‘ಳ’ ಬರೆದು ಮುಂದೆ ನಕ್ಷತ್ರ ಹಾಕಿದ್ದೆ. ಅದನ್ನು ಕಸ ಅಂದುಕೊಂಡು ಅಳಿಸಿದ್ದರೆ ಕಥೆ ಮುಗಿಯುತ್ತಿತ್ತು. ಹಳಗನ್ನಡದಲ್ಲಿ ‘ಅೞಿ’ ಅಂದರೆ ನಾಶಮಾಡು, ‘ಅಳಿ’ ಅಂದರೆ ದುಂಬಿ. ದತ್ತಿ ಕೆಡಿಸಿದವನಿಗೆ ಹಾಕಿದ ಶಾಪದೊಳಗೆ ದುಂಬಿ ಬಂದು ಕೂರುತ್ತಿತ್ತು! ಯೂನಿಕೋಡ್ ಪಟ್ಟಿಯಲ್ಲಿ ೞ ಹುಡುಕುವವರು ಗಮನಿಸಿ: ಅಲ್ಲಿ ಅದರ ಹೆಸರು ತಪ್ಪಾಗಿ ‘ಎಫ್‌ಎ’ ಅಂತ ಸೇರಿಬಿಟ್ಟಿದೆ.

ಒಂದು ಲಾಭವೂ ಆಯ್ತು. ಫಾಕ್ಸ್‌ಪ್ರೊದಲ್ಲಿ ದಾಖಲೆ ಅಳಿಸಿದರೆ ಅದಕ್ಕೊಂದು ಗುರುತು ಬೀಳುತ್ತದೆ, ಅಷ್ಟೆ. ‘ಪ್ಯಾಕ್’ ಆಜ್ಞೆ ಕೊಡುವ ತನಕ ಅದು ಫೈಲಿನಲ್ಲೇ ಇರುತ್ತದೆ. ಎರಡು ಸಲ ಬಂದಿದೆ ಅಂತ ನಾನು ಅಳಿಸಿದ್ದ ಒಂದು ಮಾಸ್ತಿಕಲ್ಲು ಹೀಗೇ ಸಿಕ್ಕಿತು. ನೋಡಿದರೆ ಅದು ಬೇರೆಯದೇ ಕಲ್ಲು.

ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ಮೂಲ ಫೈಲುಗಳನ್ನು ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ. ಸಾಲು ಎಣಿಸಿ ಸುಮ್ಮನಾಗಬೇಡಿ, ಖಾಲಿ ಪಾಠಗಳೆಷ್ಟು ಅಂತಲೂ ಎಣಿಸಿ. ಒಂದಷ್ಟು ದಾಖಲೆಗಳನ್ನು ನಿಮ್ಮ ಹಳೇ ನೋಟ್‌ಬುಕ್ಕಿನ ಜೊತೆ, ಇದ್ದರೆ ಅಚ್ಚುಪ್ರತಿಯ ಜೊತೆ, ಅಕ್ಷರಕ್ಕೆ ಅಕ್ಷರ ಹೋಲಿಸಿ. ನನ್ನ ಕೆಲಸದಲ್ಲಿ ಆದ ಎಡವಟ್ಟುಗಳಲ್ಲಿ ಒಂದಕ್ಕೂ ಕಂಪ್ಯೂಟರ್ ‘ತಪ್ಪಾಗಿದೆ’ ಅಂತ ಹೇಳಲಿಲ್ಲ.