ಪಾಸ್ಟರಿಗೂ ಬಂತು ವರ್ಗಾವಣೆ

ಮೇ, ಜೂನ್ ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ ವರ್ಗಾವಣೆಯದೇ ಮಾತು. ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಚರ್ಚುಗಳಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಗುಸುಗುಸು. ಬರುವ ಪಾಸ್ಟರ್ ಯಾರು, ಈಗ ಯಾವ ಊರಲ್ಲಿದ್ದಾರೆ, ಮಕ್ಕಳೆಷ್ಟು, ಪ್ರಸಂಗ ಉದ್ದವೋ ಗಿಡ್ಡವೋ? ಬಹಳಷ್ಟು ಕಡೆ ಜುಲೈ 1ರ ಹೊತ್ತಿಗೆ ಹಳಬರ ಸಾಮಾನು ಲಾರಿ ಹತ್ತಿರುತ್ತದೆ, ಹೊಸಬರದು ಇಳಿಯುತ್ತಿರುತ್ತದೆ.

ಪಾಸ್ಟರನ್ನು ಆರಿಸುವುದು ಸಭೆಯಲ್ಲ, ಬಿಷಪ್. ಪಕ್ಕದ ಬೀದಿಯ ಬ್ಯಾಪ್ಟಿಸ್ಟ್ ಸಭೆಯಾದರೆ ತಾನೇ ಸಮಿತಿ ಮಾಡಿ, ಅರ್ಜಿ ತರಿಸಿ, ಪ್ರಸಂಗ ಕೇಳಿ, ಮತ ಹಾಕಿ ಆರಿಸಿಕೊಳ್ಳುತ್ತದೆ. ಅಷ್ಟಾಗುವಷ್ಟರಲ್ಲಿ ಒಂದು ವರ್ಷವೇ ಕಳೆದರೂ ಆಶ್ಚರ್ಯವಿಲ್ಲ. ಮೆಥೊಡಿಸ್ಟರಲ್ಲಿ ಪೀಠ ಖಾಲಿ ಬೀಳುವುದೇ ಅಪರೂಪ. ಬಿಷಪ್ ಹಾಗೂ ಜಿಲ್ಲಾ ಮೇಲ್ವಿಚಾರಕರು ಕೂತು ಯಾರು ಎಲ್ಲಿಗೆ ಎಂದು ಗೊತ್ತುಮಾಡುತ್ತಾರೆ. ಸಭೆಯ ಪರವಾಗಿ ಮಾತಾಡಲು ಸದಸ್ಯರದೇ ಒಂದು ಸಮಿತಿ ಇರುತ್ತದೆ. ಅದನ್ನು ಕೇಳುತ್ತಾರೆ, ಆದರೆ ಅದು ಕೇಳಿದ್ದನ್ನೆಲ್ಲ ಕೊಡುವುದಿಲ್ಲ. ಹೆಸರು ಮೊದಲು ತಿಳಿಯುವುದೂ ಈ ಸಮಿತಿಯವರಿಗೇ. ಪ್ರಕಟಣೆಯ ಭಾನುವಾರದವರೆಗೆ ಮನೆಯಲ್ಲೂ ಬಾಯಿಬಿಡುವಂತಿಲ್ಲ. ಸಣ್ಣ ಊರಲ್ಲಿ ಇದೆಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಪದ್ಧತಿಯ ಬೇರು ಇಂಗ್ಲೆಂಡಿನ ಜಾನ್ ವೆಸ್ಲಿ ಅವರಲ್ಲಿದೆ. ಒಂದೇ ಊರಲ್ಲಿ ಇಡೀ ವರ್ಷ ಬೋಧಿಸಿದರೆ ತಾನೂ ತೂಕಡಿಸಿ, ಕೇಳುವವರನ್ನೂ ಮಲಗಿಸಿಬಿಡುತ್ತೇನೆ ಎಂಬರ್ಥದ ಮಾತನ್ನು ಅವರು 1756ರ ಪತ್ರವೊಂದರಲ್ಲಿ ಬರೆದಿದ್ದರು. ಅವರು 1771ರಲ್ಲಿ ಅಮೆರಿಕಕ್ಕೆ ಕಳಿಸಿದ ಫ್ರಾನ್ಸಿಸ್ ಆಸ್ಬರಿ ಅದನ್ನು ಅಕ್ಷರಶಃ ಬದುಕಿದರು. ಮದುವೆಯಾಗಲಿಲ್ಲ, ಸ್ವಂತ ಮನೆ ಮಾಡಲಿಲ್ಲ, 1816ರಲ್ಲಿ ಸಾಯುವವರೆಗೆ ಅಲೆದರು. ಅವರ ಕೈಕೆಳಗಿನ ಬೋಧಕರೂ ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಸುತ್ತುತ್ತಿದ್ದವರೇ. ಒಂದೆಡೆ ಎರಡು ವರ್ಷಕ್ಕಿಂತ ಹೆಚ್ಚು ಇರಕೂಡದೆಂದು 1804ರಲ್ಲಿ ನಿಯಮವೇ ಬಂತು. ಮಿತಿ 1864ರಲ್ಲಿ ಮೂರಕ್ಕೆ, 1888ರಲ್ಲಿ ಐದಕ್ಕೆ ಏರಿತು. 1900ರಲ್ಲಿ ತೆಗೆದೇ ಹಾಕಿದರು. ಈಗ ಒಂದೇ ಸಭೆಯಲ್ಲಿ ಹತ್ತು ಹದಿನೈದು ವರ್ಷ ಇದ್ದವರೂ ಸಿಗುತ್ತಾರೆ. ಕಾಗದದ ಮೇಲೆ ಮಾತ್ರ ನೇಮಕ ಇವತ್ತಿಗೂ ವರ್ಷದಿಂದ ವರ್ಷಕ್ಕೆ.

ಮೇಲಿನಿಂದ ಬಂದ ಆದೇಶಕ್ಕೆ ತಲೆಬಾಗುವುದು ಎಂದರೆ ಇಂದಿನವರಿಗೆ ಮೂಗು ಮುರಿಯುವ ಸಂಗತಿ. ಆದರೆ ನನಗೆ ಈ ಪದ್ಧತಿಯಲ್ಲಿ ಒಂದು ನ್ಯಾಯ ಕಾಣುತ್ತದೆ. ಮೆಥೊಡಿಸ್ಟ್ ಚರ್ಚು ಮಹಿಳೆಯರಿಗೆ ಬೋಧಕರ ಪೂರ್ಣ ಹಕ್ಕು ಕೊಟ್ಟದ್ದು 1956ರಲ್ಲಿ. ಹಕ್ಕು ಕೊಟ್ಟ ಮಾತ್ರಕ್ಕೆ ಹೆಂಗಸೊಬ್ಬರನ್ನು ತಾವಾಗಿ ಕರೆಯುವಷ್ಟು ಧೈರ್ಯ ಎಲ್ಲ ಸಭೆಗಳಿಗೂ ಬಂದುಬಿಡುವುದಿಲ್ಲ. ನೇಮಿಸುವಾಗ ಲಿಂಗ, ಜನಾಂಗ ನೋಡಕೂಡದು ಎಂಬುದು ಚರ್ಚಿನ ಕಾನೂನು. ಹಾಗಾಗಿ ಬಿಳಿಯರೇ ತುಂಬಿದ ಸಭೆಗೆ ಕಪ್ಪು ಪಾಸ್ಟರ್ ಬರಬಹುದು, ಕೊರಿಯಾ ಮೂಲದವರು ಬರಬಹುದು. ಮತಕ್ಕೆ ಹಾಕಿದ್ದರೆ ಆಗದಿದ್ದ ಎಷ್ಟೋ ಪರಿಚಯಗಳು ಹೀಗೆ ಆಗಿವೆ. ಭಾರ ಬೀಳುವುದು ಪಾಸ್ಟರರ ಮನೆಯವರ ಮೇಲೆ. ಹೈಸ್ಕೂಲಿನ ಕೊನೆಯ ವರ್ಷದ ಮಗಳು, ಈಗಷ್ಟೇ ಕೆಲಸ ಹಿಡಿದ ಗಂಡ ಅಥವಾ ಹೆಂಡತಿ, ಇವರ ಒಪ್ಪಿಗೆಗೆ ಕಾನೂನಿನ ಪುಸ್ತಕದಲ್ಲಿ ದೊಡ್ಡ ಜಾಗವೇನೂ ಇಲ್ಲ.

ಸಭೆಯ ತಯಾರಿ ಶುರುವಾಗುವುದು ಪಾರ್ಸನೇಜಿನಿಂದ. ಅಂದರೆ ಚರ್ಚು ಪಾಸ್ಟರಿಗೆ ಕೊಡುವ ಮನೆ. ಗೋಡೆಗೆ ಬಣ್ಣ, ಸೋರುವ ನಲ್ಲಿಗೆ ರಿಪೇರಿ, ಹಳೇ ಒಲೆ ಬದಲಿಸಬೇಕೋ ಬೇಡವೋ ಎಂಬ ಮುಗಿಯದ ಚರ್ಚೆ. ಈ ಒಲೆಯ ವಿಷಯಕ್ಕೆ ಬರುವಷ್ಟು ಬಿರುಸು ದೇವತಾಶಾಸ್ತ್ರದ ವಾದಗಳಿಗೂ ಬರಲಾರದು. ಇನ್ನೊಂದು ಹಳೆಯ ಪದ್ಧತಿ ದಕ್ಷಿಣದ ರಾಜ್ಯಗಳಲ್ಲಿ ಬಳಕೆಯಲ್ಲಿತ್ತು, ಕೆಲವೆಡೆ ಈಗಲೂ ಇದೆ. ಹೊಸ ಪಾಸ್ಟರ್ ಬಂದಾಗ ಮನೆಮನೆಯಿಂದ ಒಂದೊಂದು ಪೌಂಡು ದಿನಸಿ ತರುವುದು: ಒಬ್ಬರು ಸಕ್ಕರೆ, ಒಬ್ಬರು ಹಿಟ್ಟು, ಇನ್ನೊಬ್ಬರು ಬೆಣ್ಣೆ, ಕಾಫಿಪುಡಿ. ಅದಕ್ಕೆ ‘ಪೌಂಡಿಂಗ್’ ಎಂದೇ ಹೆಸರು. ಸಂಬಳ ಯಾವಾಗ ಕೈಸೇರುವುದೋ ಗೊತ್ತಿಲ್ಲದ ಕಾಲದಲ್ಲಿ ಇದು ಬರೀ ಉಪಚಾರವಾಗಿರಲಿಲ್ಲ, ಅಡುಗೆಮನೆ ನಡೆಯುತ್ತಿದ್ದುದೇ ಅದರಿಂದ.

ಬೀಳ್ಕೊಡುಗೆಗೂ ಆರಾಧನಾ ಪುಸ್ತಕದಲ್ಲಿ ಕ್ರಮವಿದೆ. ಹೊರಡುವ ಪಾಸ್ಟರ್ ಸಭೆಯ ಮುಂದೆ ನಿಂತು ಕೃತಜ್ಞತೆ ಹೇಳಿ, ತನ್ನ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಸಭೆ ಕ್ಷಮಿಸಿ, ತಾನೂ ಕೃತಜ್ಞತೆ ಸಲ್ಲಿಸಿ ಅವರನ್ನು ಹೊಣೆಯಿಂದ ಬಿಡಿಸುತ್ತದೆ. ಹೊಸಬರು ಬಂದ ಭಾನುವಾರ ಬೈಬಲ್ಲು, ದೀಕ್ಷಾಸ್ನಾನದ ನೀರು, ರೊಟ್ಟಿ ಮತ್ತು ಪಾತ್ರೆ, ಹಾಡಿನ ಪುಸ್ತಕ ಹೀಗೆ ಒಂದೊಂದನ್ನೇ ಸದಸ್ಯರು ಅವರಿಗೆ ಒಪ್ಪಿಸುತ್ತಾರೆ.

ನಿಜವಾದ ಪರೀಕ್ಷೆ ಆಮೇಲಿನದು. ಹೋದವರು ಹಳೇ ಸಭೆಯ ಮದುವೆ, ಮಣ್ಣು ಮಾಡುವುದು, ದೀಕ್ಷಾಸ್ನಾನಗಳಿಗೆ ಹೊಸ ಪಾಸ್ಟರ್ ಕರೆಯದೆ ಬರಕೂಡದು. ಹನ್ನೆರಡು ವರ್ಷ ತಾಯಿಯ ಕಾಯಿಲೆಯಲ್ಲಿ ಜೊತೆಗಿದ್ದವರನ್ನೇ ಆಕೆ ತೀರಿಕೊಂಡ ದಿನ ಕರೆಯಬಾರದು ಎಂದರೆ ಯಾರಿಗೆ ನೋವಾಗದು? ಆದರೂ ನಿಯಮ ಸರಿಯೇ ಇದೆ. ಸಾವಿನ ಮನೆಯಲ್ಲೇ ಅಲ್ಲವೇ ಜನ ಪಾಸ್ಟರನ್ನು ತಮ್ಮವರೆಂದು ಒಪ್ಪಿಕೊಳ್ಳುವುದು? ಆ ಜಾಗವನ್ನು ಹಳಬರೇ ತುಂಬಿದರೆ ಹೊಸಬರು ಭಾನುವಾರದ ಭಾಷಣಕಾರರಾಗಿ ಉಳಿದುಬಿಡುತ್ತಾರೆ.

ಕನ್ನಡನಾಡಿನ ಮೆಥೊಡಿಸ್ಟರಿಗೆ ಇದೆಲ್ಲ ಹೊಸದಲ್ಲ. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಸೇರಿಕೊಂಡವು. ಅಮೆರಿಕದ ಮಿಷನ್ನಿನಿಂದ ಬೆಳೆದ ಬೀದರ್, ಕಲಬುರಗಿ, ಕೋಲಾರದ ಸಭೆಗಳು 1981ರಲ್ಲಿ ಸ್ವಾಯತ್ತವಾದ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾದಲ್ಲಿವೆ. ಅಲ್ಲಿಯೂ ಸಭಾಪಾಲಕರನ್ನು ನೇಮಿಸುವುದು ಬಿಷಪ್ಪರೇ.

ಅಮೆರಿಕದಲ್ಲಿ ಈ ವ್ಯವಸ್ಥೆಗೆ ಈಚೆಗೆ ದೊಡ್ಡ ಪೆಟ್ಟು ಬಿದ್ದಿದೆ. ಸಲಿಂಗ ವಿವಾಹದ ಜಗಳದಲ್ಲಿ 2019ರಿಂದ 2023ರೊಳಗೆ ಸುಮಾರು 7,600 ಸಭೆಗಳು ಯುನೈಟೆಡ್ ಮೆಥೊಡಿಸ್ಟ್ ಚರ್ಚನ್ನು ಬಿಟ್ಟು ಹೋದವು. ಅವುಗಳಲ್ಲಿ ಸ್ವತಂತ್ರವಾಗಿ ಉಳಿದವು ಪಾಸ್ಟರನ್ನೂ ತಾವೇ ಹುಡುಕಿಕೊಳ್ಳಬೇಕು. ಬಿಟ್ಟು ಹೋಗದ ಕಡೆ ಸಭೆಗಳು ಚಿಕ್ಕವಾಗಿ, ಒಬ್ಬರೇ ಎರಡು ಮೂರು ಚರ್ಚುಗಳ ನಡುವೆ ಕಾರಿನಲ್ಲಿ ಓಡಾಡುವುದು ಸಾಮಾನ್ಯ. ಬೆಳಗ್ಗೆ ಒಂದೆಡೆ ಪ್ರಸಂಗ ಮುಗಿಸಿ ಬಾಗಿಲಲ್ಲಿ ಕೈಕುಲುಕುವಷ್ಟರಲ್ಲಿ ಇನ್ನೊಂದೆಡೆ ಗಂಟೆ ಬಾರಿಸಿರುತ್ತದೆ.

ಹೊಸಬರಿಗೆ ಹೆಸರು ನೆನಪಿರಲೆಂದು ಮೊದಲ ಕೆಲವು ವಾರ ಸದಸ್ಯರೆಲ್ಲ ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡು ಬರುತ್ತಾರೆ. ನಾಲ್ಕಾರು ಮನೆಯವರು ಒಂದೆಡೆ ಸೇರಿ ಕಾಫಿಗೆ ಕರೆದು ಮಾತಾಡಿಸುತ್ತಾರೆ. ಮೊದಲ ವರ್ಷ ಆರಾಧನೆಯ ಸಮಯಕ್ಕೂ ಹಾಡುಗಳಿಗೂ ಕೈಹಾಕಬೇಡಿ ಎಂದು ಅನುಭವಸ್ಥರು ಪಾಸ್ಟರಿಗೆ ಬುದ್ಧಿ ಹೇಳಿರುತ್ತಾರೆ. ಅಷ್ಟರಲ್ಲಿ ಚಳಿಗಾಲ ಬರುತ್ತದೆ, ಸಮಿತಿಯ ಮುಂದೆ ಅದೇ ಪ್ರಶ್ನೆ ಬರುತ್ತದೆ: ಬರುವ ವರ್ಷಕ್ಕೂ ಇವರೇ ಇರಲೋ, ಬೇರೆಯವರನ್ನು ಕಳಿಸಲೋ?